ಗಂಡನನ್ನು ಕೊಂದ ವಾಲ್ವ್ ನೋಡಲು ಬಂದವರು

"ಅಣ್ಣಾರ, ನನ್ನ ಗಂಡನ್ನ ಕೊಂದ ವಾಲ್ವ್ ನಿಮ್ಮ ಕಡೀಗಿ ಬಂದದಂತಲ್ರೀ. ಒಂದ್ಸಲ ತೋರಸ್ರಿ."

ಮುಂಬೈ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಹೈಡ್ರಾಲಿಕ್ ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಆ ಹೆಂಗಸು ಕಲಬುರಗಿ ಕಡೆಯವರು. ಹತ್ತಿರದ ಕಾರ್ಖಾನೆಯಲ್ಲಿ ಅವರ ಗಂಡ ಸಿಕ್ಕಿಕೊಂಡ ತಗಡು ತೆಗೆಯಲು, ಅದನ್ನು ಒತ್ತಿ ಆಕಾರ ಕೊಡುವ ಪ್ರೆಸ್ಸಿನೊಳಗೆ ಬಗ್ಗಿದಾಗ ಮೇಲಿನ ಭಾರ ತಾನಾಗಿ ಮೈಮೇಲೆ ಇಳಿದು ತೀರಿಹೋಗಿದ್ದರು. ಆ ಭಾರವನ್ನು ಎಣ್ಣೆಯ ಒತ್ತಡದಲ್ಲಿ ಎತ್ತಿ ಹಿಡಿಯಬೇಕಾಗಿದ್ದ ವಾಲ್ವ್, ತನಿಖೆ ಮುಗಿದ ಮೇಲೆ ರಿಪೇರಿಗೆಂದು ನನ್ನಲ್ಲಿಗೆ ಬಂದಿತ್ತು.

ಅದನ್ನು ಅವರ ಕೈಗೆ ಕೊಟ್ಟೆ. "ಇಷ್ಟ ಸಣ್ಣದೇನ್ರೀ?" ಎಂದು ತಿರುಗಿಸಿ ತಿರುಗಿಸಿ ನೋಡಿದರು. ಒಳಗಿನ ಗೀರು ತೋರಿಸಿ, ಇಲ್ಲಿಂದಲೇ ಎಣ್ಣೆ ಸೋರಿದ್ದು ಎಂದೆ. ಅವರು ಸೆರಗಿನಿಂದ ಅದರ ಜಿಡ್ಡನ್ನು ಒರೆಸಿ ವಾಪಸು ಕೊಟ್ಟರು.

"ಇದನ್ನ ಮತ್ತ ಅದೇ ಮಷೀನಿಗಿ ಹಾಕಬ್ಯಾಡ್ರಿ. ಈಗ ಅಲ್ಲಿ ನನ್ನ ಮೈದುನ ನಿಂದರತಾನ."

ಹೊಸದನ್ನೇ ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ, ಹಾಕಿಸಿದೆ ಕೂಡ. ಆದರೆ ಇನ್ನೊಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಪಘಾತಕ್ಕೆ ಮೂರು ದಿನ ಮೊದಲು ಆ ಕಾರ್ಖಾನೆಯ ಸೂಪರ್‌ವೈಸರ್ ಫೋನ್ ಮಾಡಿ, ಪ್ರೆಸ್ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿದೆ ಎಂದಿದ್ದರು. "ಅಭೀ ಚಲಾವ್, ಸಂಡೇ ಕೋ ಆತಾ ಹೂಂ" ಎಂದು, ಭಾನುವಾರ ಬಂದು ನೋಡುವವರೆಗೆ ಮಷೀನ್ ಓಡಿಸಲು ಹೇಳಿದವನು ನಾನೇ.

ಈಗ ಅಂಥ ಫೋನ್ ಬಂದರೆ ಮೊದಲು ಮಷೀನ್ ನಿಲ್ಲಿಸಲು ಹೇಳುತ್ತೇನೆ. ಆ ಹೆಂಗಸಿನ ಮನೆ ನನ್ನ ಶೆಡ್ಡಿನಿಂದ ಹತ್ತು ನಿಮಿಷದ ದಾರಿ. ಇದನ್ನು ಹೇಳಲೆಂದು ಎರಡು ಸಲ ಅವರ ಗಲ್ಲಿಯವರೆಗೆ ಹೋಗಿ, ಬಾಗಿಲು ತಟ್ಟಲಾಗದೆ ತಿರುಗಿ ಬಂದಿದ್ದೇನೆ.