ನಾನು ಓದಿದ್ದು ನಿನ್ನ ಮನಸ್ಸನ್ನಲ್ಲ

ಶೈಲಾ, ಆ ಶನಿವಾರ ನಾನು ನಿನ್ನ ಮನಸ್ಸನ್ನು ಓದಿರಲಿಲ್ಲ. ಓದಿದೆ ಎಂದು ಎಲ್ಲರಿಗೂ ಹೇಳಿದೆ, ಆರು ವರ್ಷಗಳಿಂದ ಅದನ್ನೇ ನಂಬಿಸುತ್ತ ಬಂದಿದ್ದೇನೆ. ಅದು ಸುಳ್ಳು. (ಶೈಲಾ ಎಂಬುದು ನಿನ್ನ ಹೆಸರಲ್ಲ — ಅಷ್ಟನ್ನಾದರೂ ಈಗ ಕಾಯುತ್ತೇನೆ.)

ನಮ್ಮನ್ನು ಅರಿಯದವರಿಗಾಗಿ ಮೊದಲಿನಿಂದ ಹೇಳಬೇಕು. ವಿಜಯಪುರದ ನಮ್ಮ ಕಾಲೇಜಿನಲ್ಲಿ, ಬಿ.ಎ. ಕೊನೆಯ ವರ್ಷ, ವಾಚನಾಲಯದ ಬಾಗಿಲ ಪಕ್ಕ ನಾನೊಂದು ತಗಡಿನ ಡಬ್ಬಿ ಇಟ್ಟಿದ್ದೆ. ಮನುಷ್ಯರ ನಡವಳಿಕೆಯಲ್ಲಿ ಅರ್ಥವಾಗದ್ದು ಏನಿದ್ದರೂ, ಅದು ತಮ್ಮದೇ ಆಗಿದ್ದರೂ, ಹೆಸರಿಲ್ಲದೆ ಬರೆದು ಹಾಕಬಹುದಿತ್ತು. ಶನಿವಾರ ಬೆಳಿಗ್ಗೆ ನಾನು ಒಂದು ಪ್ರಶ್ನೆಯನ್ನು ನನ್ನ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು, ಕೆಳಗೆ ಉತ್ತರ ಬರೆಯುತ್ತಿದ್ದೆ. ಚೀಟಿಯನ್ನು ಹರಿದು ಹಾಕುತ್ತಿದ್ದೆ. ಕೇಳಿದವರು ಯಾರೆಂದು ಹುಡುಕಬಾರದು — ನಿಯಮ ಮಾಡಿದವಳೂ ನಾನೇ.

ಆ ಡಬ್ಬಿಯ ಬಗ್ಗೆ ನನಗೆ ಹೆಮ್ಮೆಯಿತ್ತು. ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಅಜ್ಜಿ ಸತ್ತಾಗ ನನಗೇಕೆ ನಗು ಬಂತು? ತಂಗಿಯ ಮದುವೆ ಗೊತ್ತಾದ ದಿನ ನನಗೇಕೆ ಜ್ವರ ಬಂತು? ಮನೆಯಲ್ಲಿ ಬಾಯಿ ಬಿಡಲಾಗದ್ದನ್ನು ಹುಡುಗಿಯರು ಅಲ್ಲಿ ಕೇಳಿದರು. ಅವರಿಗೆ ನಾನು ಉತ್ತರಿಸಬಲ್ಲೆ ಎಂದುಕೊಂಡಿದ್ದೆ. ಹಲವು ಸಲ ಉತ್ತರಿಸಿದೆ ಕೂಡ.

ನಿನ್ನ ಚೀಟಿಯಲ್ಲಿ ಹೀಗಿತ್ತು: "ನಾನು ಯಾರನ್ನು ಬಹಳ ಹಚ್ಚಿಕೊಂಡಿರುತ್ತೇನೋ ಅವರ ವಸ್ತುವನ್ನೇ ಯಾಕೆ ಕದಿಯುತ್ತೇನೆ? ಬೇರೆಯವರದು ಎದುರಿಗೆ ಬಿದ್ದಿದ್ದರೂ ಮುಟ್ಟುವುದಿಲ್ಲ."

ನೀನು ಎಡಗೈಯಲ್ಲಿ ಬರೆದಿದ್ದೆ ಅನಿಸುತ್ತದೆ, ಅಕ್ಷರ ನಿನ್ನದಾಗಿ ಕಾಣಲಿಲ್ಲ. ಆದರೆ ಕಾಗದ — ಕಾಗದವನ್ನು ನೀನು ಮರೆತಿದ್ದೆ. ತಿಕೋಟಾದಲ್ಲಿ ನಿಮ್ಮ ಅಪ್ಪ ಕೆಲಸ ಮಾಡುವ ಒಣದ್ರಾಕ್ಷಿ ಶೆಡ್ಡಿನಲ್ಲಿ ಬಾಕ್ಸುಗಳಿಗೆ ಅಂಟಿಸಿ ಉಳಿದ ಲೇಬಲ್ಲುಗಳ ಬೆನ್ನ ಮೇಲೆಯೇ ನೀನು ಎಲ್ಲ ಟಿಪ್ಪಣಿ ಬರೆಯುತ್ತಿದ್ದೆ. ನಿನಗೆ ಅದು ಮನೆಯಲ್ಲಿ ಬಿದ್ದಿರುವ ಬರೀ ಕಾಗದ. ಇಡೀ ತರಗತಿಯಲ್ಲಿ ಇನ್ನಾರ ಬಳಿಯೂ ಅದಿರಲಿಲ್ಲ. ನಾನು ಚೀಟಿ ತಿರುಗಿಸಿದೆ, ದ್ರಾಕ್ಷಿಗೊಂಚಲಿನ ಚಿತ್ರ ಕಂಡಿತು. ನನ್ನ ಮನಶ್ಶಾಸ್ತ್ರವೆಲ್ಲ ಅಷ್ಟೇ.

ರೇಷ್ಮಾ — ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯವರ ಮಗಳು, ನಮ್ಮಿಬ್ಬರ ಗೆಳತಿ — ಹಲಗೆಯ ಮುಂದೆ ನಿಂತು ಪ್ರಶ್ನೆ ಓದಿದಳು.

"ಯಾರಿರಬಹುದ ಬೇ ಇಕಿ? ನನ್ವೂ ಎರಡ ಕರವಸ್ತ್ರ ಹೋಗ್ಯಾವ."

ಸುಮ್ಮನಿರಬೇಕಿತ್ತು. ನಿನ್ನ ಹೆಸರು ಹೇಳಿದೆ.

"ಯವ್ವಾ! ನಿನಗ ಹೆಂಗ ಗೊತ್ತಾತು?"

"ಪ್ರಶ್ನೆ ಕೇಳೂ ರೀತಿ ನೋಡಿದ್ರ ಸಾಕು, ಮನಶ್ಯಾ ಯಾರಂತ ತಿಳೀತೈತಿ."

"ನೀ ಏನ್ ಎಕ್ಸ್‌ರೇ ಮಷೀನ್ ಏನಲೇ! ನಿನ್ನ ಮುಂದ ಇನ್ನ ಸುಳ್ಳ ಹೇಳೂಹಂಗಿಲ್ಲ ಬಿಡು."

ಅವಳ ಕಣ್ಣಲ್ಲಿ ಬೆರಗಿತ್ತು. ಆ ಬೆರಗು ನನಗೆ ಬೇಕಿತ್ತು. ಮಧ್ಯಾಹ್ನದೊಳಗೆ ಎರಡು ಸುದ್ದಿ ಜೊತೆಯಾಗಿ ಹರಡಿದವು: ನೀನು ಕಳ್ಳಿ, ನಾನು ಮನಸ್ಸು ಓದುವವಳು.

ಸೋಮವಾರ ನೀನು ಬರಲಾರೆ ಎಂದುಕೊಂಡಿದ್ದೆ. ನೀನು ಬಂದೆ. ಎಲ್ಲರೂ ಕೂತಿರುವಾಗಲೇ ಒಂದು ಬಟ್ಟೆಚೀಲ ತಂದು ನನ್ನ ಬೆಂಚಿನ ಮೇಲೆ ಸುರುವಿದೆ: ರೇಷ್ಮಾಳ ಕರವಸ್ತ್ರಗಳು, ನಿಮ್ಮ ಅತ್ತಿಗೆಯ ಒಂದು ಬಳೆ, ಸಿದ್ಧೇಶ್ವರ ಗುಡಿ ಹತ್ತಿರದ ನಮ್ಮ ಮನೆಯಿಂದ ನಮ್ಮವ್ವನ ಸೂಜಿಡಬ್ಬಿಯ ಮುಚ್ಚಳ, ನನ್ನ ಮೊಂಡು ಪೆನ್ಸಿಲ್ಲು ಮೂರು. ಎಲ್ಲಕ್ಕಿಂತ ಹೆಚ್ಚು ವಸ್ತು ನನ್ನವೇ ಇದ್ದವು.

"ಹೌದು, ನಾನ ತಗೊಂಡೀನಿ," ನೀನು ಅಂದೆ. "ಮನಸ್ಸ ಓದೀನಿ ಅಂದೆಂತಲ್ಲ? ಹಂಗಾರ ಯಾಕ ತಗೊಂಡೆ ಅನ್ನೂದನ್ನೂ ಹೇಳ್ಬೇ. ನಾ ಕೇಳಿದ್ದು ಅದನ್ನ."

ಹಲಗೆಯ ಮೇಲೆ ನಾನು ಬರೆದದ್ದು ಪುಸ್ತಕದ ನಾಲ್ಕು ಸಾಲು, ನಿನಗೆ ಸಂಬಂಧವಿಲ್ಲದ್ದು. ಚೀಟಿಯ ಬೆನ್ನಿನ ಲೇಬಲ್ಲಿನ ವಿಷಯವನ್ನು ಆಗಲೇ ಹೇಳಬಹುದಿತ್ತು. ಹೇಳಿದ್ದರೆ ನಾನು ಸಣ್ಣವಳಾಗುತ್ತಿದ್ದೆ — ಹೇಳಲಿಲ್ಲ.

ಪರೀಕ್ಷೆ ಮುಗಿಯುವವರೆಗೂ ನೀನು ಒಂದು ದಿನವೂ ತಪ್ಪಿಸಲಿಲ್ಲ. ಪಕ್ಕದವರು ತಮ್ಮ ಚೀಲ ಎಳೆದು ತೊಡೆಯ ಮೇಲಿಟ್ಟುಕೊಂಡರೂ ನೀನು ಮುಂದಿನ ಬೆಂಚಿನಲ್ಲೇ ಕೂತೆ, ನೆಟ್ಟಗೆ. ಎಂ.ಎ.ಗೆ ಒಟ್ಟಿಗೆ ಸೇರುವ ಮಾತಿತ್ತು, ಸೇರಿದವಳು ನಾನೊಬ್ಬಳೇ. ನಿನ್ನ ಆ ಕೂತ ಭಂಗಿ ನೆನಪಾದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ. ಆ ಹೆಮ್ಮೆ ಪಡುವ ಹಕ್ಕು ನನಗಿಲ್ಲ, ಆದರೂ.

ಈಗ ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವಾರ ಬಬಲೇಶ್ವರದ ಒಂದು ಕಾಲೇಜಿಗೆ ಕರೆದಿದ್ದರು. ಪರಿಚಯಿಸಿದವರು ಆ ಕಥೆ ಹೇಳಿದರು — ಬರೀ ಒಂದು ಪ್ರಶ್ನೆ ಓದಿ ಕೇಳಿದವರನ್ನು ಗುರುತಿಸಿದವರು ಇವರು! ಚಪ್ಪಾಳೆ ಬಿತ್ತು. ನಾನು ತಿದ್ದಲಿಲ್ಲ, ತಲೆ ಬಾಗಿಸಿ ನಕ್ಕೆ. ಹಿತವಾಗಿತ್ತು. ಉಪನ್ಯಾಸ ಮುಗಿದ ಮೇಲೆ ಪ್ರಶ್ನೆ ಕೇಳಿ ಎಂದರೆ ಒಬ್ಬಳೂ ಏಳಲಿಲ್ಲ. ಮುಂದಿದ್ದ ಹುಡುಗಿ ಏನೋ ಕೇಳಲು ಬಾಯಿ ತೆರೆದು ಮುಚ್ಚಿದಳು. "ಕೇಳಮ್ಮಾ," ಅಂದೆ.

"ಬ್ಯಾಡ್ರಿ ಮೇಡಂ. ಕೇಳಿದ್ರ ನಿಮಗ ಎಲ್ಲಾ ಗೊತ್ತಾಗ್ತೈತಿ."

ಪಕ್ಕದವರು ನಕ್ಕರು. ಅವಳು ನಗಲಿಲ್ಲ. ಹೋಗುವಾಗ ನನ್ನ ಮುಖ ನೋಡದೆ ಹೋದಳು.

ಬರುವ ಸೋಮವಾರ ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ, ನಾನೇ ಕೇಳಿಕೊಂಡಿದ್ದೇನೆ. ಎಲ್ಲರ ಎದುರು ಇದನ್ನೇ ಮೊದಲು ಹೇಳುತ್ತೇನೆ. ಅದಕ್ಕೂ ಮುಂಚೆ ನಿನಗೆ ತಿಳಿಯಬೇಕಿತ್ತು. ಹಾಗೇಕೆ ಮಾಡಿದಿರಿ ಎಂದು ಆ ಹುಡುಗಿ ಕೇಳಬಹುದು, ಕೇಳಲಿ. ಹೊಗಳಿಕೆ ಬೇಕಿತ್ತು ಎನ್ನುತ್ತೇನೆ. ಅದಕ್ಕಿಂತ ಆಳದ ಕಾರಣ ಹುಡುಕುವುದಿಲ್ಲ.