ಕಂಪ್ಯೂಟರ್ ನಿಂತು ನಿಂತು ಹೋದ ಬೇಸಿಗೆ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಓದಿಗೂ ಅಲ್ಲ, ಆಟಕ್ಕೂ ಅಲ್ಲ, ಒಂದು ಹಳೇ ಕ್ಯಾಸೆಟ್ಟಿಗೋಸ್ಕರ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮುಳಬಾಗಿಲಿನಲ್ಲಿ ಯಾರ ಮನೆಗಾದರೂ ಕಂಪ್ಯೂಟರ್ ಬಂತೆಂದರೆ ಬೀದಿಯವರು ನೋಡಲು ಬರುತ್ತಿದ್ದ ಕಾಲ. ಬಂದವರೆಲ್ಲ ಮಗುವಿಗೆ ಕಲಿಸೋಕಾ ಎಂದು ಕೇಳುವರು. ಹೌದು ಎಂದುಬಿಡುತ್ತಿದ್ದೆ. ನಿಜ ಹೇಳುತ್ತಾ ಕೂತರೆ ಒಬ್ಬೊಬ್ಬರ ಮುಂದೆಯೂ ಒಂದೊಂದು ಸಲ ಅಳಬೇಕು, ಯಾರಿಗೆ ಬೇಕು ಆ ಕರ್ಮ.

ಮಗು ಅಂದರೆ ನನ್ನ ಅಕ್ಕನ ಮಗಳು. ಅಕ್ಕನನ್ನು ಗೌನಿಪಲ್ಲಿಗೆ ಕೊಟ್ಟಿದ್ದರು. ಹೆರಿಗೆಯಾಗಿ ಬಾಣಂತನ ಮುಗಿಯುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಇನ್ನೂ ಮಗ್ಗುಲಾಗಲೂ ಬಾರದ ಕೂಸು ನನ್ನ ಮಡಿಲಿಗೆ ಬಂತು. ನನಗೆ ಆಗ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಭಾವ ಮತ್ತೆ ಮದುವೆ ಮಾಡಿಕೊಂಡರು. ಮಾವಿನ ಕಾಲದಲ್ಲಿ ಒಂದು ಬುಟ್ಟಿ ಹಣ್ಣು ಹಿಡಿದು ಬಂದು ಮಗಳನ್ನು ನೋಡಿಕೊಂಡು ಹೋಗುವರು, ಕೆಟ್ಟವರೇನಲ್ಲ. ಮಗಳು ನನ್ನನ್ನು ಕರೆಯುವುದು ಚಿಕ್ಕಮ್ಮ ಅಂತಲೇ. ಅಮ್ಮ ಅನ್ನಿಸಿಕೊಳ್ಳಬೇಕೆಂದು ನನಗೇನು ಆಸೆಯಿರಲಿಲ್ಲವೆ? ಇತ್ತು. ಆದರೆ ಗೋಡೆಯ ಮೇಲಿನ ಫೋಟೊ ತೋರಿಸಿ, ಅವಳೇ ನಿನ್ನ ಅಮ್ಮ ಎಂದು ಹೇಳಿಕೊಟ್ಟವಳು ನಾನೇ. ಅಕ್ಕನ ಪಾಲಿನದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

ಮೂರನೆಯ ಕ್ಲಾಸೋ ನಾಲ್ಕನೆಯದೋ ಓದುತ್ತಿದ್ದಾಗ ಒಂದು ದಿನ ಜಡೆ ಹಾಕಿಸಿಕೊಳ್ಳುತ್ತಾ, ಅಮ್ಮ ಹೇಗೆ ಮಾತಾಡ್ತಿದ್ದಳು ಎಂದು ಕೇಳಿದಳು. ಏನು ಮಾತಾಡ್ತಿದ್ದಳು ಅಂತಲ್ಲ, ಹೇಗೆ ಅಂತ. ಜಡೆ ಅರ್ಧಕ್ಕೇ ಬಿಟ್ಟು ಎದ್ದೆ. ಬೀರುವಿನೊಳಗೆ ಸೀರೆಗಳ ಕೆಳಗೆ ಇಟ್ಟಿದ್ದ ಕ್ಯಾಸೆಟ್ಟನ್ನು ಅವಳಿಗೆ ತೋರಿಸಿದ್ದು ಅವತ್ತೇ ಮೊದಲು.

ಸೀಮಂತ ಮುಗಿಸಿಕೊಂಡು ಅಕ್ಕ ಹೋಳೂರಿನ ನಮ್ಮ ತವರಿಗೆ ಬಂದಿದ್ದಾಗ ಮಾಡಿದ ರೆಕಾರ್ಡು ಅದು. ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲ್ಗಡೆಯ ತೂತಿಗೆ, ಹೊಸದಾಗಿ ರೆಕಾರ್ಡು ಆಗಲೆಂದು, ಸೆಲೋಟೇಪ್ ಅಂಟಿಸಿ, ಹಾಡನ್ನೆಲ್ಲ ಅಳಿಸಿ, ತನ್ನ ಮಾತು ತುಂಬಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು. ಅಂಗಳದ ಕಾಗೆಗೆ ಬೈದದ್ದು, ತನ್ನ ಅತ್ತೆ ಮಾತಾಡುವ ಹಾಗೆ ಅಣಕಿಸಿದ್ದು, ಅರ್ಧಕ್ಕೆ ಮರೆತುಹೋದ ಒಂದು ಆರತಿ ಹಾಡು. ಕೊನೆಗೆ ಹೊಟ್ಟೆಯೊಳಗಿನ ಮಗುವಿನ ಜೊತೆ ಮಾತು. "ಏನ್ಲಾ, ಒಳಗೆ ಕೂತ್ಕೊಂಡು ಒದೀತೀಯಾ? ಹೊರಗೆ ಬಾ, ಮಾಡ್ತೀನಿ ನಿಂಗೆ." ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದರೂ ಏನ್ಲಾ ಅಂತಲೇ ಶುರು, ಅವಳ ರೀತಿಯೇ ಹಾಗೆ.

ಅವಳು ಹೋದ ಹೊಸದರಲ್ಲಿ ನಾನು ಅದನ್ನು ಹಾಕಿ ಹಾಕಿ ಕೇಳಿದ್ದೆ. ಆಮೇಲೆ ಕೇಳಲಾಗದೆ ಎತ್ತಿಟ್ಟೆ. ಈಗ ಮಗಳು ಸ್ಕೂಲಿಗೆ ಹೋದಾಗ ಹೊರಗೆ ತೆಗೆದು ಹಾಕಿ ನೋಡಿದರೆ ಟೇಪು ಕಿರ್ರ್ ಅನ್ನುತ್ತದೆ, ಅಲ್ಲಲ್ಲಿ ಧ್ವನಿ ಮುಳುಗುತ್ತದೆ. ಕೋಲಾರದ ಕ್ಯಾಸೆಟ್ ಅಂಗಡಿಯವನು ನೋಡಿ, ಮೇಲಿನ ಪುಡಿ ಉದುರ್ತಾ ಇದೆ, ಹಾಕಿದಷ್ಟೂ ಸವೆಯುತ್ತೆ, ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿದರೆ ಅದರ ಗತಿಯೂ ನಾಳೆ ಇದೇ, ಕಂಪ್ಯೂಟರಿಗೆ ಹಾಕಿಸಿ ಎಂದ. ಬೆಂಗಳೂರಿಗೆ ಯಾರ ಕೈಯಲ್ಲೋ ಕಳಿಸಿಕೊಡಲು ನನಗೆ ಧೈರ್ಯವಿರಲಿಲ್ಲ. ಬಸ್ಸಿನಲ್ಲಿ ಮರೆತು ಬಂದರೆ ಯಾರನ್ನು ಕೇಳುವುದು?

ಹಾಗಾಗಿ ಕಂಪ್ಯೂಟರೇ ನಮ್ಮ ಮನೆಗೆ ಬಂತು. ಜೋಡಿಸಿದವನು ನನ್ನ ಮೈದುನ. ಮಾಲೂರಿನಲ್ಲಿ ಮನೆ ಮಾಡಿಕೊಂಡು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ. ಕಂಪನಿ ಮಾಲು ದಂಡ ಅತ್ತಿಗೆ, ಬಿಡಿ ಭಾಗ ತಂದು ನಾನೇ ಜೋಡಿಸಿಕೊಡ್ತೀನಿ ಎಂದ. ಒಂದು ಭಾನುವಾರ ನಡುಮನೆಯಲ್ಲಿ ಎಲ್ಲವನ್ನೂ ಹರವಿಕೊಂಡು ಸಾಯಂಕಾಲದ ಹೊತ್ತಿಗೆ ನಿಲ್ಲಿಸಿಬಿಟ್ಟ. ನಮ್ಮ ಮಾವನವರು ಪೌರೋಹಿತ್ಯ ಮಾಡಿದವರು, ಪೆಟ್ಟಿಗೆಗೆ ಕುಂಕುಮ ಇಟ್ಟು ಮಂಗಳಾರತಿ ಎತ್ತಿದರು. ಮಗಳಿಗೆ ಮಾತ್ರ ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಸವೆಯುವ ಟೇಪು, ಒಂದು ಸಲವೂ ದಂಡ ಮಾಡುವಂತಿಲ್ಲ, ಕಂಪ್ಯೂಟರಿಗೆ ಪೂರ್ತಿ ಇಳಿಸಿದ ಮೇಲೆಯೇ ನೀನು ಕೇಳಬೇಕು, ಅಲ್ಲಿವರೆಗೆ ಆಚೆ ಇರಬೇಕು. ರೆಕಾರ್ಡು ಮಾಡುವಾಗೆಲ್ಲ ತಾನೇ ಎದ್ದು ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದಳು.

ಮೊದಲನೆಯ ಸಲ ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿನ ಬೆನ್ನಿಗೆ ವೈರು ಸಿಕ್ಕಿಸಿ ಕೂತೆವು. ಅಕ್ಕ ಕಾಗೆಗೆ ಬೈದಳು, ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು, ನನ್ನ ಕಣ್ಣು ತುಂಬಿಕೊಂಡಿತು. ಅತ್ತೆಯನ್ನು ಅಣಕಿಸಲು ಶುರು ಮಾಡಿದಳು, ಗೆರೆ ನಿಂತುಬಿಟ್ಟಿತು. ಮೌಸು ಅಲ್ಲಾಡಿಸಿದರೆ ಬಾಣ ಕದಲಲಿಲ್ಲ, ಮೂಲೆಯ ಗಡಿಯಾರವೂ ನಿಂತಿತ್ತು. ಅಕ್ಕ ಮಾತ್ರ ಪಾಪ ಮಾತಾಡುತ್ತಲೇ ಇದ್ದಳು, ಹಿಡಿದುಕೊಳ್ಳುವವರು ಯಾರೂ ಇಲ್ಲ. ಓಡಿಹೋಗಿ ಟೇಪು ನಿಲ್ಲಿಸಿದೆ. ಸ್ವಿಚ್ಚು ಆರಿಸಿ ಹಚ್ಚಿದರೆ ಅಷ್ಟು ಹೊತ್ತು ಇಳಿಸಿದ್ದೂ ಇರಲಿಲ್ಲ.

ಅಲ್ಲಿಂದ ಮೈದುನನ ಭಾನುವಾರಗಳು ಶುರುವಾದವು. ಒಂದು ವಾರ ರ‍್ಯಾಮ್ ಎಂದ. ಅದನ್ನು ಕಿತ್ತು, ಮಗಳ ರಬ್ಬರು ತೆಗೆದುಕೊಂಡು ಅದರ ಹಳದಿ ಹಲ್ಲುಗಳನ್ನು ಉಜ್ಜಿ ಉಜ್ಜಿ ಹಾಕಿದ. ಇನ್ನೊಂದು ವಾರ ಫ್ಯಾನು ಎಂದ. ಅದಾದ ಮೇಲೆ ವೈರಸ್ಸು, ಎಲ್ಲ ಅಳಿಸಿ ಹೊಸದಾಗಿ ಹಾಕಿದ. ಪವರ್ ಡಬ್ಬಿಯನ್ನೇ ಬದಲಾಯಿಸಿದ. ಹೋಗುವ ಮುಂಚೆ ಯಾವುದಾದರೂ ಸಿನಿಮಾ ಹಾಡಿನ ಕ್ಯಾಸೆಟ್ಟು ಹಾಕಿ ನೋಡುವನು, ಪೂರ್ತಿ ಒಂದು ಮಗ್ಗುಲು ತೊಂದರೆಯಿಲ್ಲದೆ ಇಳಿಯುವುದು. ಈಗ ನೋಡಿ ಅತ್ತಿಗೆ ಎಂದು ಎದೆ ಉಬ್ಬಿಸಿಕೊಂಡು ಮಾಲೂರಿನ ಬಸ್ಸು ಹತ್ತುವನು. ಸೋಮವಾರ ನಾನು ಅಕ್ಕನ ಕ್ಯಾಸೆಟ್ಟು ಹಾಕಿದರೆ ಮತ್ತೆ ಅದೇ ಕಥೆ. ಒಂದು ದಿನ ಆರತಿ ಹಾಡಿನವರೆಗೂ ಬಂತು, ಇನ್ನೊಂದು ದಿನ ಕಾಗೆಯನ್ನೂ ದಾಟಲಿಲ್ಲ. ತುಂಡು ತುಂಡಾಗಿ ಇಳಿಸೋಣವೆಂದರೆ ನಿಲ್ಲಿಸಿದಾಗಲೆಲ್ಲ ಟೇಪು ಒಳಗೆ ಸಿಕ್ಕಿಕೊಂಡು ಸುಕ್ಕಾಗುತ್ತಿತ್ತು. ನಿಲ್ಲುವುದಕ್ಕೆ ಒಂದು ಲೆಕ್ಕವಾದರೂ ಬೇಡವೆ? ಕೆಟ್ಟುಹೋಗಿದ್ದರೆ ಕೆಟ್ಟಿದೆ ಅನ್ನಬಹುದಿತ್ತು. ಅದು ಕೆಟ್ಟೂ ಇರಲಿಲ್ಲ, ನೆಟ್ಟಗೂ ಇರಲಿಲ್ಲ. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಸಾಲದ್ದಕ್ಕೆ ಮಾವನವರು ಪಂಚಾಂಗ ಹಿಡಿದುಕೊಂಡು ಬಂದರು. ರಾಹುಕಾಲದಲ್ಲಿ ಶುರು ಮಾಡ್ತೀರಿ, ಅದಕ್ಕೇ ಹೀಗೆ. ಬೇಸಿಗೆಯ ಕರೆಂಟು ಬೆಳಿಗ್ಗೆ ಒಂದಿಷ್ಟು ಹೊತ್ತು, ಮಧ್ಯಾಹ್ನ ಒಂದಿಷ್ಟು ಹೊತ್ತು. ರಾಹುಕಾಲ, ಯಮಗಂಡ, ಗುಳಿಕ ಎಲ್ಲ ಕಳೆದರೆ ಕರೆಂಟು ಇರುತ್ತಿರಲಿಲ್ಲ, ಕರೆಂಟು ಇದ್ದಾಗ ಕಾಲ ಇರುತ್ತಿರಲಿಲ್ಲ. ಹೋದವಳಿಗೆ ಇಷ್ಟವಿಲ್ಲವೇನೋ, ಒಂದು ಶಾಂತಿ ಮಾಡಿಸಿಬಿಡೋಣ ಎಂದೂ ಒಂದು ದಿನ ಅಂದರು. ಮೈಯೆಲ್ಲ ಉರಿದುಹೋಯಿತು. ನಮ್ಮಕ್ಕ ಬದುಕಿದ್ದಾಗ ಯಾರ ಮಾತನ್ನೂ ಅರ್ಧಕ್ಕೆ ನಿಲ್ಲಿಸಿದವಳಲ್ಲ ಮಾವ, ತನ್ನದನ್ನಂತೂ ಇಲ್ಲವೇ ಇಲ್ಲ ಎಂದೆ. ಅಷ್ಟು ಜೋರಾಗಿ ಅವರೆದುರು ಹಿಂದೆಂದೂ ಮಾತಾಡಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಪ್ರತಿ ಸಲ ಹಾಕಿದಾಗಲೂ ಧ್ವನಿ ಇನ್ನಷ್ಟು ಮಂಕಾಗುತ್ತಿತ್ತು. ಹಾಕದಿದ್ದರೆ ಇಳಿಸುವುದು ಹೇಗೆ? ಹಾಕಿದರೆ ಉಳಿಯುವುದು ಹೇಗೆ? ಪಕ್ಕದ ಮನೆಯಿಂದ ಮಗಳು ಬಂದು ನನ್ನ ಮುಖ ನೋಡುವಳು, ಕೇಳದೆಯೇ ಅವಳಿಗೆ ತಿಳಿಯುತ್ತಿತ್ತು, ಪುಸ್ತಕ ತೆಗೆದುಕೊಂಡು ಕೂರುವಳು. ಮೊದಮೊದಲು, ಆಯ್ತಾ ಚಿಕ್ಕಮ್ಮ ಎಂದು ಬಾಗಿಲಿನಿಂದಲೇ ಕೂಗುತ್ತಿದ್ದವಳು ಕೊನೆಕೊನೆಗೆ ಕೇಳುವುದನ್ನೇ ಬಿಟ್ಟಳು. ಕೇಳಿದ್ದರೇ ಚೆನ್ನಾಗಿತ್ತು.

ಇನ್ನೊಂದು ಕಾಟವಿತ್ತು. ಆ ಪೆಟ್ಟಿಗೆ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಚಪ್ಪಲಿ ಹಾಕ್ಕೊಳ್ಳಿ ಅತ್ತಿಗೆ ಎಂದ ಮೈದುನ. ದೇವರ ಪೂಜೆ ನಡೆಯುವ ಮನೆಯೊಳಗೆ ಚಪ್ಪಲಿ ಮೆಟ್ಟುವುದುಂಟೆ? ಊಟದ ಮಣೆಯನ್ನು ಕಾಲ ಕೆಳಗೆ ಹಾಕಿಕೊಂಡು ಕೂರುತ್ತಿದ್ದೆ. ಆಮೇಲೆ ಜುಮ್ ಅನ್ನುವುದು ಎಲ್ಲರಿಗೂ ಅಭ್ಯಾಸವಾಗಿಹೋಯಿತು.

ಆ ವರ್ಷ ನಲ್ಲಿಯಲ್ಲಿ ನೀರು ಬರುವುದು ಎಂದೋ ನಿಂತಿತ್ತು, ಟ್ಯಾಂಕರಿನವನ ದಾರಿ ಕಾಯುತ್ತಿದ್ದೆವು. ಲೆಕ್ಕಪತ್ರದ ಕೆಲಸ ಮಾಡುವ ನನ್ನ ಗಂಡನಿಗೆ ನೀರಿನದೂ ಲೆಕ್ಕವೇ. ಬಚ್ಚಲ ನೀರು ಸುಮ್ಮನೆ ಗೋಡೆ ಬುಡದಲ್ಲಿ ಇಂಗಿಹೋಗುತ್ತೆ ಎಂದು ಬೇಸಿಗೆಯ ಶುರುವಿನಲ್ಲೇ ಒಂದು ಪೈಪು ಹಾಕಿ ಹಿತ್ತಲಿನ ತೆಂಗಿನಮರಕ್ಕೆ ತಿರುಗಿಸಿದ್ದರು. ಬಂದವರಿಗೆಲ್ಲ ಅದನ್ನು ತೋರಿಸುವುದೇ ಒಂದು ಹೆಮ್ಮೆ. ಒಂದು ದಿನ ಆ ಪೈಪು ಕಳಚಿಕೊಂಡು, ಎಲ್ಲರ ಸ್ನಾನದ ನೀರೂ ಗೋಡೆ ಬುಡದಲ್ಲೇ ನಿಂತಿತು. ಕೆಸರು ಬಳಿಯುತ್ತಾ ಗಂಡನಿಗೆ ಚೆನ್ನಾಗಿ ಬೈದೆ. ಮಧ್ಯಾಹ್ನ ಬೇಜಾರಿನಲ್ಲಿ ಕಂಪ್ಯೂಟರ್ ಹಚ್ಚಿ ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನಲೇ ಇಲ್ಲ. ಕರೆಂಟು ಹೋಗುವವರೆಗೂ ಅದು ಒಂದು ಸಲವೂ ನಿಲ್ಲಲಿಲ್ಲ. ಗಂಡ ಪೈಪು ಮತ್ತೆ ಸಿಕ್ಕಿಸಿದರು, ಎರಡು ದಿನ ಕಳೆದು ನೆಲ ಒಣಗಿತು, ಪೆಟ್ಟಿಗೆ ಮತ್ತೆ ಜುಮ್ ಅಂದಿತು, ನಿಂತಿತು.

ಆ ಗೋಡೆ ಬುಡದಲ್ಲಿ ಏನಿದೆ ಎಂದು ಗಂಡನನ್ನು ಕೇಳಿದೆ. ಏನಿಲ್ಲ, ಮನೆಯ ಅರ್ತಿಂಗ್ ಗುಂಡಿ, ಇದ್ದಿಲು ಉಪ್ಪು ಹಾಕಿ ಮುಚ್ಚಿರೋದು ಎಂದರು, ತೀರಾ ಸಾಮಾನ್ಯ ಸಂಗತಿ ಹೇಳುವ ಹಾಗೆ. ಹೇಳುತ್ತಾ ಹೇಳುತ್ತಾ ಅವರ ಮುಖ ಬದಲಾಯಿತು. ಆ ಗುಂಡಿ ಒದ್ದೆಯಿದ್ದರೇ ಅಲ್ಲವೆ ಪೆಟ್ಟಿಗೆಯಲ್ಲಿ ಸೋರುವ ಕರೆಂಟು ನೆಲಕ್ಕೆ ಇಳಿಯುವುದು. ನಮ್ಮ ಕಡೆಯ ನೆಲವೋ, ಬೇಸಿಗೆಯಲ್ಲಿ ಹಂಚಿನ ಹಾಗೆ ಒಣಗಿರುತ್ತದೆ. ವರ್ಷಾನುಗಟ್ಟಲೆ ಅದಕ್ಕೆ ನೀರು ಕುಡಿಸುತ್ತಿದ್ದದ್ದು ನಮ್ಮ ಬಚ್ಚಲು, ಅದನ್ನು ಈ ಮಹಾನುಭಾವರು ತೆಂಗಿಗೆ ದಾನ ಮಾಡಿದ್ದರು.

ಪೈಪನ್ನೇ ಕಿತ್ತುಹಾಕಿಸಿದೆ. ಅರೆಬರೆ ಸ್ನಾನದ ನೀರು ಸಾಲಲಿಲ್ಲ. ಟ್ಯಾಂಕರಿನ ನೀರನ್ನೇ ಬಿಂದಿಗೆ ಬಿಂದಿಗೆ ತಂದು ಗುಂಡಿಗೆ ಸುರಿದೆ. ಕುಡಿಯೋಕೆ ನೀರಿಲ್ಲದಾಗ ಮಣ್ಣಿಗೆ ಹೊಯ್ತಾಳಲ್ಲ ಎಂದು ಎದುರುಮನೆಯಾಕೆ ಕೇಳಿಸುವಂತೆಯೇ ಅಂದಳು. ಅನ್ನಲಿ ಎಂದುಕೊಂಡೆ. ಮೈದುನ ಫೋನಿನಲ್ಲಿ ಕೇಳಿ ನಕ್ಕ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅತ್ತಿಗೆ ಎಂದ. ಈಗಲೂ ಹಾಗೇ ಅನ್ನುತ್ತಾನೆ. ಇದ್ದರೂ ಇರಬಹುದು, ನನಗೇನು ಗೊತ್ತು.

ಆ ಭಾನುವಾರ ಕೂತೆವು. ಕಾಗೆ ದಾಟಿತು, ಅತ್ತೆ ದಾಟಿದರು, ಆರತಿ ಹಾಡು ದಾಟಿತು. ಏನ್ಲಾ ಎಂದು ಅಕ್ಕ ಹೊಟ್ಟೆಯೊಳಗಿನ ಮಗುವನ್ನು ಮಾತಾಡಿಸಿದಳು, ಹಸಿರು ಗೆರೆ ಕುಣಿಯುತ್ತಲೇ ಇತ್ತು. ಒದೀತೀಯಾ ಅನ್ನುವವರೆಗೂ ಬಂದು ಟೇಪು ಪಟ್ ಎಂದು ಹರಿಯಿತು. ಮುಂದಿನದು ಹೋಯಿತು. ಆದರೆ ಅಲ್ಲಿಯವರೆಗಿನದು ಕಂಪ್ಯೂಟರಿನಲ್ಲಿತ್ತು, ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳಿದರೂ ಇತ್ತು. ಮೈದುನ ಅಲ್ಲೇ ಸಿ.ಡಿ.ಗೂ ಇಳಿಸಿದ. ಮಗಳನ್ನು ಕರೆಯಲು ಪಕ್ಕದ ಮನೆಗೆ ನಾನೇ ಓಡಿದೆ.

ಅವಳು ಕೈಕಾಲು ತೊಳೆದುಕೊಂಡು ಬಂದು ಸ್ಪೀಕರಿನ ಮುಂದೆ ಕೂತಳು. ನಾನು ಒತ್ತಿದೆ. ಮೊದಮೊದಲು ತಲೆ ಬಗ್ಗಿಸಿ ಕೇಳುತ್ತಿದ್ದವಳು ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದಳು. ಫೋಟೊ ನೋಡಿದಳು. ಮತ್ತೆ ನನ್ನನ್ನೇ ನೋಡತೊಡಗಿದಳು. ನಾನು ಅಳುತ್ತಿದ್ದೆ. ಪೂರ್ತಿ ಮುಗಿದ ಮೇಲೆ ಅವಳು ಎದ್ದು ಬಂದು, ನನ್ನ ಪಕ್ಕದಲ್ಲಿ ನಿಂತು, ದೊಡ್ಡವರು ಚಿಕ್ಕವರ ಬೆನ್ನು ಸವರುವ ಹಾಗೆ ನನ್ನ ಬೆನ್ನು ಸವರಿದಳು.

"ಅಮ್ಮನ ಧ್ವನಿ ಹೋಗ್ಬಿಡ್ತು ಅಂತ ನಂಗೊತ್ತಾಯ್ತು ಚಿಕ್ಕಮ್ಮ. ಅಳ್ಬೇಡ. ಅವಳ ಬದಲು ನೀನು ಚೆನ್ನಾಗೇ ಮಾತಾಡಿದ್ದೀಯ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಕ್ಕನದೂ ನನ್ನದೂ ಒಂದೇ ಕಂಠ. ಹೋಳೂರಿನಲ್ಲಿ ನಾವು ಒಳಗಿನಿಂದ ಕೂಗಿದರೆ ಹೆತ್ತ ಅಮ್ಮನಿಗೇ ಯಾರೆಂದು ತಿಳಿಯುತ್ತಿರಲಿಲ್ಲ. ಇಷ್ಟು ದಿನದ ಗಲಾಟೆಯಲ್ಲಿ ನನಗೆ ಅದು ನೆನಪಿಗೇ ಬಂದಿರಲಿಲ್ಲ. ಅಲ್ಲ ಮಗಳೇ, ಅದು ಅಮ್ಮನೇ, ದೇವರಾಣೆ ಎಂದೆ. ಗಂಡನೂ ಹೇಳಿದರು, ಮೈದುನನೂ ಹೇಳಿದ. ಅವಳು ಎಲ್ಲರಿಗೂ ಹೂಂ ಹೂಂ ಎಂದು ತಲೆಯಾಡಿಸಿದಳು, ನಮ್ಮ ಮನಸ್ಸಿಗೆ ನೋವಾಗಬಾರದೆಂದು. ನಾನು ಬಿಡದೆ ಹೇಳುತ್ತಲೇ ಇದ್ದೆ. ಹೇಳಿದಷ್ಟೂ ನನ್ನ ಬಾಯಿಂದ ಬರುತ್ತಿದ್ದದ್ದು ಅದೇ ಧ್ವನಿ.