ವಿರೂಪಾಕ್ಷಪ್ಪನವರ ಸೂಪರ್‌ಚಾರ್ಜರ್

ರೈಲ್ವೆಯಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದ ಧಾರವಾಡದ ವಿರೂಪಾಕ್ಷಪ್ಪನವರು ಕೋಲ್ಕತ್ತಾದಲ್ಲೇ ಉಳಿದದ್ದು ಗಂಗೆಯ ಘಾಟಿನಲ್ಲಿರುವ ಒಂದು ಹಳೆಯ ಮೋಟಾರು ದೋಣಿಗಾಗಿ. ಮದುವೆ ಊಟದಲ್ಲೂ ಅವರದು ಅದೇ ಮಾತು. "ಎಂಜಿನ್ನಿಗೆ ಗಾಳಿ ಸಾಲಂಗಿಲ್ಲ" ಎಂದು, ಒಳಕ್ಕೆ ಹೆಚ್ಚು ಗಾಳಿ ನೂಕುವ ಸೂಪರ್‌ಚಾರ್ಜರ್ ಒಂದನ್ನು ಸಿಯಾಲ್ದಾ ಕಡೆಯ ಗುಜರಿಯಿಂದ ತಂದು, ಮೂರು ತಿಂಗಳು ಊಟದ ಮೇಜಿನ ಮೇಲೆ ಬಿಚ್ಚಿಟ್ಟರು. ಹೆಂಡತಿ ನೀಲಮ್ಮ ನೆಲದ ಮೇಲೆ ರೊಟ್ಟಿ ಬಡಿಸುತ್ತ, "ಇಷ್ಟ ಅವಸರದಾಗ ಎಲ್ಲಿಗ್ ಹೊಂಟೀರಿ?" ಎಂದರೆ, "ಆಚೆ ದಂಡಿಗೆ" ಎನ್ನುತ್ತಿದ್ದರು. ಅದನ್ನು ಕೂರಿಸಿದ ಮೇಲೆ ಮೊದಲ ಓಟದಲ್ಲೇ ದೋಣಿ ಅವರ ಟೋಪಿಯನ್ನೂ ದೋಣಿಗಾರ ಹರಿಪದನ ಚಹಾವನ್ನೂ ಹಿಂದೆ ಬಿಟ್ಟು ಹಾರಿತು. ಅವಸರದ ಕಾರಣವನ್ನು ನೆರೆಮನೆಯ ನನಗೆ ಹೇಳಿದವನು ಹರಿಪದನೇ. ಎರಡು ವರ್ಷದ ಹಿಂದೆ ದುರ್ಗೆಯ ವಿಸರ್ಜನೆಯಲ್ಲಿ ಇವರ ದೋಣಿ ಕಾವಲಿಗೆ ನಿಂತಿತ್ತು; ಮುಳುಗುತ್ತಿದ್ದವನೊಬ್ಬ, ದೋಣಿ ಇನ್ನೂ ಹತ್ತು ಮಾರು ದೂರದಲ್ಲಿರುವಾಗಲೇ ಕಾಣದಾದ. ಈ ವರ್ಷ ಪೂಜೆಯ ದೊಡ್ಡ ಡೋಲು ಢಾಕ್ ಬಾರಿಸುವವನೊಬ್ಬ ನೀರಿಗೆ ಬಿದ್ದ. ಇವರು ನುಗ್ಗಿ ಹೋಗಿ ಅವನ ಅಂಗಿ ಹಿಡಿದು ಮೇಲೆಳೆದರು. ಸೂಪರ್‌ಚಾರ್ಜರ್ ಹೊಗೆ ಕಾರಿ ಸುಟ್ಟುಹೋಗುತ್ತಿದ್ದರೂ ತಿರುಗಿ ನೋಡದೆ, ಅವನ ಬೆನ್ನು ತಟ್ಟುತ್ತ, "ಕೆಮ್ಮೋ ತಮ್ಮಾ, ಚಲೋತ್ನಾಗ ಕೆಮ್ಮು" ಎಂದರು. ಕನ್ನಡದ ಒಂದಕ್ಷರವೂ ಬಾರದ ಅವನು ಕೆಮ್ಮಿದ.